ಸೆರಗಿನ ಮರೆಯ ಮಾತು

ಜಮೀಲಾ ಅಕ್ಕನವರಿಗೆ, ಮಸ್ಕಿಯಿಂದ ನಿಮ್ಮ ನಾಟಕದ ಕವಿ ಶಿವಕಾಂತ ಮಾಡುವ ಶರಣು ಮತ್ತು ಸಲಾಮು.

ಈ ಪತ್ರವನ್ನು ನಿಮಗೆ ಮಗಳು ಓದಿ ಹೇಳುತ್ತಾಳೆಂದು ಬಲ್ಲೆ. ಮಹೆಕ್, ನಿಮ್ಮ ಅಮ್ಮಿಗೆ ನಾಟಕ ಓದಿ ಹೇಳುವಾಗ ಹೇಗೆ ಒಂದು ಸಾಲೂ ಬಿಡುವುದಿಲ್ಲವೋ, ಇದನ್ನೂ ಹಾಗೇ ಓದವ್ವ. ನಡುವೆ ಒಂದು ಕಡೆ ನನ್ನನ್ನು ಬೈಯಬೇಕೆನ್ನಿಸುತ್ತದೆ. ಬೈದು ಮುಂದೆ ಓದು.

ಅಕ್ಕಾ, ಗುರುಗುಂಟಾದವರು ಈ ವರ್ಷದ ನಾಟಕಕ್ಕೆ ನಿಮ್ಮನ್ನು ಗೊತ್ತುಮಾಡಿ ಕೊಟ್ಟಿದ್ದ ವೀಳ್ಯವನ್ನು ವಾಪಸ್ ತರಿಸಿಕೊಂಡರು. ಸಂತೆಕಲ್ಲೂರಿನವರು ನಿಮ್ಮ ಫೋನ್ ಎತ್ತುತ್ತಿಲ್ಲ. ಜಮೀಲಾಬೀ ಬೆಂಗಳೂರಿಗೆ ಹೋಗಿ ಟೀವಿಯವರ ಮುಂದೆ ನಮ್ಮ ಮಾನ ಹರಾಜು ಹಾಕಿ ಬಂದಳೆಂದು ಅವರ ಸಿಟ್ಟು. ಮೂವತ್ತು ವರ್ಷ ಈ ಮೂರು ತಾಲ್ಲೂಕಿನ ಹೀರೋಗಳಿಗೆಲ್ಲ ಹೆಂಡತಿಯಾಗಿ ಅತ್ತ ನಿಮಗೆ ಈಗ ನಿಲ್ಲಲು ಒಂದು ರಂಗವಿಲ್ಲ. ಹರಾಜು ಹಾಕಿದವರು ನೀವಲ್ಲ. ಯಾರೆಂದು ಹೇಳುವುದಕ್ಕೇ ಈ ಪತ್ರ. ಆದರೆ ಮೊದಲು ಆ ಕಾರ್ಯಕ್ರಮವನ್ನು ಬೈದು ಬಾಯಿ ತೊಳೆದುಕೊಳ್ಳುತ್ತೇನೆ, ತಡೆಯಿರಿ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಸಿಂಧನೂರಿನ ಗೋಪಣ್ಣನ ಅಂಗಡಿಯಲ್ಲಿ ಸೇರಿದ್ದೆವು. ನಾಟಕದ ಪರದೆ ಬಾಡಿಗೆ ಕೊಡುವ ಅಂಗಡಿ. ಕೂರಲು ಕುರ್ಚಿಗೇನು ಬರ, ಒಬ್ಬರು ಸುತ್ತಿಟ್ಟ ಅರಮನೆಯ ಮೇಲೆ, ಇನ್ನೊಬ್ಬರು ಅಡವಿಯ ಮೇಲೆ. ನಮ್ಮ ಸೀಮೆಯ ಹೆಣ್ಣುಮಗಳಿಗೆ ಟೀವಿಯಲ್ಲಿ ರಂಗ ಪ್ರಶಸ್ತಿ ಎಂದು ಗೋಪಣ್ಣ ಎಲ್ಲರಿಗೂ ಮಿರ್ಚಿ ತರಿಸಿದ್ದ. ಬೆಂಗಳೂರಿನಲ್ಲಿ ಮೊದಲೇ ಚಿತ್ರೀಕರಿಸಿಟ್ಟಿದ್ದ ಆ ಕಾರ್ಯಕ್ರಮದ ಹೆಸರು 'ರಂಗ ಝಗಮಗ'. ಝಗಮಗವೇನೋ ಇತ್ತು. ರಂಗ ಎಲ್ಲಿತ್ತೆಂದು ಇನ್ನೂ ಹುಡುಕುತ್ತಿದ್ದೇನೆ.

ಮೊದಲು ರಂಗಗೀತೆಗೆ ಕುಣಿತ. ಬಾಯಿ ಒಬ್ಬಳದು, ದನಿ ಮತ್ತೊಬ್ಬಳದು, ನಾಚಿಕೆ ನೋಡುವವರದು. ಆಮೇಲೆ ಶ್ರೇಷ್ಠ ನಟ ಪ್ರಶಸ್ತಿ. ಅದು ಯಾವುದೋ ಸೀರಿಯಲ್ಲಿನ ಅಳಿಯನಿಗೆ ಹೋಯಿತು. ತಾನು ನಾಟಕ ಮಾಡಿದ್ದು ಒಂದೇ ಸಲ, ಅದೂ ಶಾಲೆಯಲ್ಲಿ ಗಿಡವಾಗಿ ನಿಂತಿದ್ದೆ ಎಂದು ಅವನೇ ಹೇಳಿದ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ತೀರಿಹೋದ ಕಲಾವಿದರ ಫೋಟೋಗಳು ಬಂದವು, ಒಂದೊಂದಕ್ಕೆ ಎರಡು ಸೆಕೆಂಡು. ಕೆಳಗೆ ಬೋರ್‌ವೆಲ್ ಪೈಪಿನ ಜಾಹೀರಾತು ಓಡುತ್ತಿತ್ತು: ನೂರು ವರ್ಷ ಬಾಳಿಕೆ. "ಕಲಾವಿದರಕಿಂತ ಪೈಪೇ ಪಾಡ ಬಿಡ್ರಿ," ಎಂದ ಗೋಪಣ್ಣ. ಹೊಗೆ ಬಿಟ್ಟರು, ನಗೆ ಕೊಟ್ಟರು, ಬಗೆಬಗೆಯ ದೀಪ ಇಟ್ಟರು. ನಾಟಕವನ್ನು ಮಾತ್ರ ಚಪ್ಪಲಿಯ ಜೊತೆ ಹೊರಗೆ ಬಿಟ್ಟರು. ಪ್ರಾಸ ಕಟ್ಟುವಾಗಲೂ ನನಗೆ ವಾಕರಿಕೆ ಬಂತು ಅಂದರೆ ನೋಡಿರಿ.

ನಿಮ್ಮದು 'ಗ್ರಾಮೀಣ ಪ್ರತಿಭೆ' ಪ್ರಶಸ್ತಿ. ಐವತ್ತೈದರ ಪ್ರತಿಭೆ! ನಿಮ್ಮನ್ನು ಕರೆಯುವ ಮೊದಲು ಒಂದು ಕಿರುನಾಟಕ ತೋರಿಸಿದರು. ಮೀಸೆ ಬೋಳಿಸಿದ ಒಬ್ಬ ಗಂಡಸು ಸೀರೆ ಉಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿ ಅಳುತ್ತ, ಒಳಗಿಂದ ಹೀರೋಗೆ ಮಾತು ಹೇಳಿಕೊಡುತ್ತಾನೆ. ಧೋತರವನ್ನು ಗೋಣಿಚೀಲದಂತೆ ಸುತ್ತಿಕೊಂಡ ಹೀರೋ ಅದನ್ನೇ ಕಿರುಚುತ್ತಾನೆ, ನಡುವಿನ ಬಿಕ್ಕನ್ನೂ ಸೇರಿಸಿ. ನಮ್ಮ ಮಾತಿನ ಧಾಟಿಯನ್ನು ಎಳೆದು ಎಳೆದು ಹಿಂಡಿದರು. ಮೂರು ಸಲ ಕ್ಯಾಮೆರಾ ನಿಮ್ಮ ಮುಖಕ್ಕೆ ಬಂತು. ನೀವು ನಗುತ್ತಿದ್ದಿರಿ. ಆ ನಗೆ ನನಗೆ ಗೊತ್ತು. ನನ್ನ ನಾಟಕದ ಮೂರನೇ ಅಂಕದಲ್ಲಿ ಗಂಡ ಕೈಹಿಡಿದು ಹೊರಗೆ ದಬ್ಬುವಾಗ ನೀವು ನಗುವ ನಗೆ ಅದು, ನಾನು ಬರೆಯದೆ ನೀವೇ ಹಾಕಿಕೊಂಡದ್ದು.

ವೇದಿಕೆಗೆ ಬಂದಿರಿ. "ಅಮ್ಮಾ, ಒಂದ್ ಡೈಲಾಗ್ ಹೊಡೀರಿ!" ಎಂದ ನಿರೂಪಕ. ನೀವು ಉಸಿರು ತುಂಬಿಕೊಂಡು ಬಾಯಿ ತೆರೆದಿರಿ. ಸಾಬೂನಿನ ಜಾಹೀರಾತು ಬಂತು. ಅದು ಮುಗಿದಾಗ ಅಲ್ಲಿ ನೀವಿರಲಿಲ್ಲ.

ಮಹೆಕ್, ಇಲ್ಲಿಂದ ನಿಧಾನಕ್ಕೆ ಓದು.

ಅಕ್ಕಾ, ಮೂರು ವರ್ಷದ ಹಿಂದೆ ಗುರುಗುಂಟಾದಲ್ಲಿ ನನ್ನ 'ಬಿಟ್ಟು ಹೋದ ಬಂಗಾರಿ, ಕೆಟ್ಟು ಬಂದ ಸಂಸಾರಿ' ನಡೆದಿತ್ತು. ಹೀರೋ ಸಂಗನಬಸವ, ಊರಿನ ದೊಡ್ಡ ಹೊಲದವ, ಎರಡನೇ ಅಂಕದಲ್ಲಿ ಮಾತು ಮರೆತು ನಿಂತುಬಿಟ್ಟ. ಬದಿಯಲ್ಲಿ ಪುಸ್ತಕ ಹಿಡಿದು ಕೂತವನು ದನಿ ಎತ್ತಿದರೆ ಮೈಕಿಗೆ ಕೇಳುತ್ತದೆ, ಎತ್ತದಿದ್ದರೆ ಹಾರ್ಮೋನಿಯಂ ಪೇಟಿಯ ಸದ್ದಿನಲ್ಲಿ ಸಂಗನಬಸವನಿಗೆ ಕೇಳುವುದಿಲ್ಲ. ಆಗ ನೀವು ಓಡಿ ಹೋಗಿ ಅವನ ಎದೆಗೆ ಬಿದ್ದು ಅತ್ತಿರಿ. ಹಾಗೆ ಅಳಬೇಕೆಂದು ನಾನು ಬರೆದಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ನಿಮ್ಮ ಸೆರಗು ಅಲುಗುವುದು ಕಂಡಿತು, ಸಂಗನಬಸವ ಹುಲಿಯಂತೆ ಗುಡುಗಿದ. ಜನ ಸೀಟಿ ಹೊಡೆದರು.

ನಿಮಗೆ ಅಕ್ಷರ ಬಾರದು. ಮಹೆಕ್ ಇಡೀ ನಾಟಕ ಓದುತ್ತಾಳೆ, ನೀವು ಇಡೀ ನಾಟಕ ನುಂಗುತ್ತೀರಿ. ನಿಮ್ಮ ಪಾತ್ರವನ್ನಷ್ಟೇ ಹೆಕ್ಕಿ ಇಟ್ಟುಕೊಳ್ಳುವುದು ನಿಮಗೆ ಗೊತ್ತೇ ಇಲ್ಲ. ಹಾಗಾಗಿ ಗಂಡನ ಮಾತು, ಗೌಡನ ಮಾತು, ಕುಡುಕನ ಮಾತು, ಎಲ್ಲ ನಿಮ್ಮ ಹೊಟ್ಟೆಯಲ್ಲಿ. ಅಂದು ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುತ್ತಿದ್ದ ನಿಮ್ಮನ್ನು, ಅವನಿಗೆ ಮಾತು ಎತ್ತಿಕೊಟ್ಟಿರೇನು ಎಂದು ಕೇಳಿದೆ. ನೀವು ಅಂದಿರಿ: "ಯಾರ ಮುಂದೂ ಆಡಬ್ಯಾಡ ತಮ್ಮಾ. ಆತ ನಾಳೆ ಇದೇ ಊರಾಗ ತಿರುಗ್ಯಾಡಬೇಕು. ನಂದೇನು, ಬಸ್ ಹತ್ತಿ ಹೋಗಾಕಿ."

ಎರಡು ತಿಂಗಳ ಹಿಂದೆ ಆ ವಾಹಿನಿಯ ಹುಡುಗಿಯೊಬ್ಬಳು ನನಗೆ ಫೋನ್ ಮಾಡಿದಳು. "ಸರ್, ಜಮೀಲಾಬೀ ಅವರ ಬಗ್ಗೆ ಏನಾದ್ರೂ ಇಂಟರೆಸ್ಟಿಂಗ್ ಆಗಿರೋದು ಹೇಳಿ." ಮೂರು ಸಲ ಸರ್ ಅಂದಳು, ಒಂದು ಸಲ ನಾಟಕಕಾರರು ಅಂದಳು. ನನಗೆ ಅಷ್ಟು ಸಾಕಾಯಿತು. ನಾನೇ ಹೇಳಿದೆ ಅಕ್ಕಾ. ಪ್ರಾಸ ಹಚ್ಚಿ ಹೇಳಿದೆ: "ಸೆರಗಿನ ಹೊರಗೆ ಕಣ್ಣೀರು, ಸೆರಗಿನ ಒಳಗೆ ಪನ್ನೀರು." ಆಕೆ ನಕ್ಕಳು. ಮೆಚ್ಚಿ ನಕ್ಕಳೆಂದು ತಿಳಿದೆ.

ಇಷ್ಟೇ ಆಗಿದ್ದರೆ ದಡ್ಡ ಅನ್ನಬಹುದಿತ್ತು. ಗೋಪಣ್ಣನ ಅಂಗಡಿಯಲ್ಲಿ ಟೀವಿ ಆರಿದ ಮೇಲೆ ಪೇಟಿ ಮಾಸ್ತರ ಹನುಮಂತರಾಯ ಅಂದ: "ಇದು ಆಕಿ ಬಾಯಿಲಿಂದನೇ ಹೋಗೇತಿ. ಇಲ್ಲಂದ್ರ ಬೆಂಗಳೂರಿನವ್ರಿಗೆ ಹ್ಯಾಂಗ ಗೊತ್ತಾಗಬೇಕು?" ಎಲ್ಲರೂ ಹೌದೆಂದರು. ನಾನು ಚಹಾ ಕುಡಿದೆ. ಮುಗಿದ ಮೇಲೂ ಕಪ್ಪು ಬಾಯಿಗೆ ಹಿಡಿದಿದ್ದೆ. ಆಮೇಲೆ ಒಪ್ಪಿಕೊಳ್ಳಲೆಂದು ಅದೇ ಊರಿನ ನಿಮ್ಮ ಓಣಿಯ ಬಾಯಿಯ ತನಕ ಬಂದು, ಮನೆಯಲ್ಲಿ ದೀಪ ಹತ್ತಿದ್ದು ನೋಡಿ ಮಸ್ಕಿ ಬಸ್ಸು ಹಿಡಿದೆ.

ನಾಲ್ಕನೇ ದಿನ ಸಂಗನಬಸವ ಮಸ್ಕಿಯ ನನ್ನ ಡಿಟಿಪಿ ಅಂಗಡಿಗೆ ಬಂದ. ಅವರ ನಾಟಕದ ಹ್ಯಾಂಡ್‌ಬಿಲ್ ನನ್ನಲ್ಲೇ ತಯಾರಾಗುತ್ತಿತ್ತು. "ಕವಿ, ಆಕಿ ಹೆಸರು ಕಿತ್ತಿ ಒಗಿ. ಲಿಂಗಸುಗೂರು ಬಸ್‌ಸ್ಟ್ಯಾಂಡಿನಾಗ ಮಂದಿ ನನ್ನ ನೋಡಿ ಟವೆಲ್ ಬಾಯಿಗೆ ಹಿಡ್ಕೊಂಡು ಅಳಾಕತ್ಯಾರ." ನಾನು ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮೇಲೆ ಹೋಗಿ ಅಳಿಸಿದೆ. ಟೀವಿಯವರಿಗೆ ನಿಮ್ಮನ್ನು ತೆಗೆಯಲು ಒಂದು ಸಾಬೂನು ಬೇಕಾಯಿತು. ನನಗೆ ಒಂದು ಬೆರಳು ಸಾಕಾಯಿತು. ಅಂದಿನಿಂದ ಝಗಮಗದವರನ್ನು ಬೈಯಲು ಬಾಯಿ ತೆರೆದಾಗಲೆಲ್ಲ ನನ್ನ ಬಾಯಿಯ ವಾಸನೆ ನನಗೇ ಬರುತ್ತದೆ.

ನಿನ್ನೆ ಗುರುಗುಂಟಾಕ್ಕೆ ಹೋಗಿದ್ದೆ. ಸಮುದಾಯ ಭವನದಲ್ಲಿ ತಾಲೀಮು ನಡೆದಿತ್ತು. ಪೇಟಿ ನಿಲ್ಲಿಸಿ ಎಂದೆ, ಟೀವಿಯವರಿಗೆ ಬಾಯಿ ಬಿಟ್ಟವನು ನಾನೇ ಎಂದು ಎಲ್ಲರೆದುರು ಹೇಳಿದೆ. ಕುಡುಕನ ಪಾತ್ರದವನು ಎದ್ದು, "ಏ ಕವಿ, ನಿನ್ನ ನಾಲಿಗಿಗೆ ಪರದೆ ಇಲ್ಲೇನಲೇ?" ಎಂದ. ಸಂಗನಬಸವ ಅವನನ್ನು ಕೂರಿಸಿದ.

"ಆಕಿ ಹೇಳಿದ್ದಳೇನು ನಿನಗ?"

ಇಲ್ಲ, ನಾನೇ ಕಂಡದ್ದು ಎಂದೆ. ಯಾರ ಮುಂದೂ ಆಡಬೇಡ, ಆತ ಇದೇ ಊರಲ್ಲಿ ತಿರುಗಾಡಬೇಕು ಎಂದು ನೀವು ಅಂದದ್ದನ್ನೂ ಹೇಳಿದೆ.

ಅವನು ಅಂದು ಎರಡನೇ ಅಂಕದಲ್ಲಿ ನಿಂತ ಹಾಗೇ ನಿಂತ. ಈ ಸಲ ಯಾರೂ ಎತ್ತಿಕೊಡಲಿಲ್ಲ. "ಕಿವ್ಯಾಗ ಬಿಸಿ ಉಸಿರು ಬಂತಂದ್ರ ಮಾತು ಬಂತು ಅಂತ ಧೈರ್ಯ ಆಗ್ತಿತ್ತು," ಎಂದ ಕೊನೆಗೆ. "ಒಂದು ದಿನಾನೂ ಆಕಿಗೆ ಚಲೋ ಆತು ಅಂತ ಅಂದಿಲ್ಲ ನಾ." ಆಮೇಲೆ ನನ್ನ ಕಡೆ ತಿರುಗಿ: "ಪಾಠ ಬಾಯಿಗೆ ಬಂದಾವ, ನಿನ್ನ ನಾಟಕ ಬಿಡಾಂಗಿಲ್ಲ. ಆದ್ರ ಹ್ಯಾಂಡ್‌ಬಿಲ್ಲಿನಾಗ ನಿನ್ನ ಹೆಸರು ಬ್ಯಾಡ. ಆಕಿದು ಹಾಕು, ದೊಡ್ಡದಾಗಿ."

ಹಾಕಿದ್ದೇನೆ. ಆದರೆ ಅದು ನೀವು ಒಪ್ಪಿದರೆ ಮಾತ್ರ ಅಚ್ಚಿಗೆ ಹೋಗುತ್ತದೆ. ನೀವು ಬೇಡವೆಂದರೆ ಆ ಹಾಳೆ ನನ್ನಲ್ಲೇ ಇರುತ್ತದೆ, ಅದಕ್ಕೆ ನಿಮ್ಮನ್ನು ಯಾರೂ ಏನೂ ಅನ್ನುವಂತಿಲ್ಲ.

ಗುರುವಾರ ಸಂಗನಬಸವ ತಾನೇ ವೀಳ್ಯ ಹಿಡಿದು ನಿಮ್ಮ ಮನೆಗೆ ಬರುತ್ತಾನೆ. ಬಾಗಿಲಲ್ಲಿ ನಿಂತು ಹೊಲದ ಮಾತು ಆಡುತ್ತಾನೆ, ಬಿಸಿಲಿನ ಮಾತು ಆಡುತ್ತಾನೆ, ಮಹೆಕ್‌ಗೆ ಯಾವಾಗ ಮದುವೆ ಎನ್ನುತ್ತಾನೆ. ತಪ್ಪಾಯಿತು ಎಂಬ ಮಾತು ಅವನಿಗೆ ಬಾಯಿಗೆ ಬರುವುದಿಲ್ಲ, ಅವನು ಬಾಯಿ ಬಾಯಿ ಬಿಡುತ್ತಾನೆ. ನಿಮ್ಮ ಗುಣ ನನಗೆ ಗೊತ್ತು. ಪಾಪ ಅನ್ನಿಸಿ, ಇರಲಿ ಬಿಡಪ್ಪ ಎಂದು ನೀವೇ ಅವನ ಮಾತು ಮುಗಿಸಲು ಹೋಗುತ್ತೀರಿ. ಕೈಮುಗಿದು ಕೇಳುತ್ತೇನೆ, ಎತ್ತಿಕೊಡಬೇಡಿರಿ. ಅವನಾಗಿ ಹೇಳುವ ತನಕ ನಿಲ್ಲಲಿ. ಅದರ ಮುಂದಿನ ಗುರುವಾರ ನಾನೂ ಬಂದು ನಿಲ್ಲುತ್ತೇನೆ, ನನಗೂ ಎತ್ತಿಕೊಡಬೇಡಿರಿ.

ನಿಮ್ಮ ಕೊರಳು ಗಟ್ಟಿ ಇರಲಿ, ಮಹೆಕ್ ಓದುವ ದನಿ ನಿಮ್ಮ ಮನೆಯಲ್ಲಿ ನಿಲ್ಲದಿರಲಿ.

ನಿಮ್ಮ ಬಾಯಿಂದ ಕವಿ ಎನ್ನಿಸಿಕೊಂಡು, ತನ್ನ ಬಾಯಿಂದ ಅದನ್ನು ಕಳೆದುಕೊಂಡ
ಶಿವಕಾಂತ
ಮಸ್ಕಿ