ಹೊಗೆಯ ಮಸಿಯಲ್ಲಿ ಅಚ್ಚಾದ ಲಗ್ನಪತ್ರಿಕೆ

ಸತ್ಯನಾರಾಯಣಪೇಟೆ, ಬಳ್ಳಾರಿ
೧೪-೬-೧೯೪೪

ಸೌಭಾಗ್ಯವತಿಯಾದ ನನ್ನ ಮಗಳು ಪಾರಮ್ಮನಿಗೆ,

ನಿನ್ನ ಅಪ್ಪ ಉಜ್ಜಿನಪ್ಪ ಬರೆಯುವುದು. ಇಲ್ಲಿ ನಾನು, ನಿನ್ನ ಅವ್ವ ಹೊನ್ನೂರಮ್ಮ ಇಬ್ಬರೂ ನೆಟ್ಟಗಿದ್ದೇವೆ. ಕುರುಗೋಡಿನಲ್ಲಿ ನೀನು, ಅಳಿಯ ಸುಂಕಣ್ಣ, ಬೀಗರು ಪಾಲಯ್ಯನವರು, ಅಜ್ಜಿ ಹಂಪಮ್ಮನವರು ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಮಿರಗದ ಮಳೆ ಇಲ್ಲಿ ಒಂದು ಸಲ ಮುಖ ತೋರಿಸಿ ಹೋಯಿತು. ಅಲ್ಲಿಯೂ ಬಂದಿರಬೇಕು.

ನೀನು ಅವ್ವನ ಹೆಸರಿಗೆ ಬರೆದ ಕಾರ್ಡು ಬಂದು ಬಹಳ ದಿನವಾಯಿತು. ಅದರ ಕೊನೆಯ ಸಾಲಿನಲ್ಲಿ “ಅಪ್ಪ ಹೆಂಗದಾನ, ಯಾಕ ಬರದಿಲ್ಲ” ಎಂದು ಕೇಳಿದ್ದೀ. ಅವ್ವನಿಗೆ ಓದಿ ಹೇಳುವಾಗ ಆ ಸಾಲನ್ನು ನುಂಗಿಬಿಟ್ಟೆ. ದಿನವೆಲ್ಲ ಊರ ಮಂದಿಯ ಮಾತನ್ನು ಅಚ್ಚು ಹಾಕುವವನಿಗೆ ಮಗಳಿಗೆ ನಾಲ್ಕು ಸಾಲು ಬರೆಯಲು ಪುರಸೊತ್ತು ಸಿಗಲಿಲ್ಲ ಎಂದರೆ ನೀನು ನಂಬುವುದಿಲ್ಲ. ನಂಬಲೂ ಬೇಡ. ಪುರಸೊತ್ತು ಇತ್ತು. ಯಾವ ಮುಖ ಇಟ್ಟುಕೊಂಡು ಬರೆಯಲಿ ಎನ್ನುವುದು ತಿಳಿಯಲಿಲ್ಲ. ತಡವಾದದ್ದಕ್ಕೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬರುವ ವಾರ ಆಷಾಢ ಹಿಡಿಯುತ್ತದೆ. ನಿನ್ನನ್ನು ಕರೆತರಲು ಸೋದರಮಾವ ಮಾರೆಣ್ಣ ಬರುತ್ತಾನೆ. ಮೊದಲನೆಯ ಆಷಾಢಕ್ಕೆ ಹೆತ್ತಪ್ಪನೇ ಬಂದು ಕರೆಯಬೇಕು, ಅದು ನನಗೂ ಗೊತ್ತು. ಬೀಗರು ಕೇಳಿದರೆ ಪ್ರೆಸ್ಸಿನಲ್ಲಿ ಕೆಲಸ ಬಹಳ ಎಂದು ಮಾರೆಣ್ಣ ಹೇಳುತ್ತಾನೆ. ನಿನಗಾದರೂ ನಿಜ ಬರೆಯೋಣ ಎಂದು ಕೂತಿದ್ದೇನೆ. ನನಗೆ ಕುರುಗೋಡಿನ ಆ ಬೀದಿಯಲ್ಲಿ ಕಾಲಿಡಲು ನಾಚಿಕೆ.

ಲಗ್ನದ ದಿನ ಬೀಗರ ಹಂದರದಲ್ಲಿ ಏನಾಯಿತು ಎನ್ನುವುದು ನಿನಗೆ ಗೊತ್ತಿದೆ. ಅದು ಹೇಗೆ ಆಯಿತು ಎನ್ನುವುದನ್ನು ನಾನು ನಿನಗೆ ಹೇಳಲೇ ಇಲ್ಲ.

ಯುದ್ಧ ಶುರುವಾದ ಮೇಲೆ ಮದರಾಸಿನಿಂದ ಇಂಕಿನ ಡಬ್ಬಿ ಬರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಬಂದರೂ ದೊಡ್ಡ ಪ್ರೆಸ್ಸಿನವರ ಪಾಲು. ಇತ್ತ ನಮ್ಮ ಪ್ರೆಸ್ಸಿನ ಹಿಂದಿನ ಗೋಡೆಗೇ ಪಕ್ಕೀರಪ್ಪ ಸಾಹುಕಾರರ ಎಣ್ಣೆ ಮಿಲ್ಲು. ಶೇಂಗಾ ಹೊಟ್ಟು ಉರಿಸಿ ಎಬ್ಬಿಸುವ ಆ ಹೊಗೆ ನಿನಗೆ ನೆನಪಿರಬೇಕು. ಆಗತಾನೇ ಅಚ್ಚಾದ ಹಾಳೆಯನ್ನು ಒಣಗಲು ಹರವಿದರೆ ಮಸಿ ಉದುರಿ ಅಕ್ಷರ ಇಲ್ಲದ ಕಡೆಯೂ ಅಕ್ಷರ ಮೂಡುತ್ತಿತ್ತು. ಒಂದು ದಿನ ತಡೆಯಲಾರದೆ ಸಾಹುಕಾರರ ಹತ್ತಿರ ಹೋದೆ.

“ಸಾಹುಕಾರ್ರ, ನಿಮ್ಮ ಹೊಗಿ ನನ್ನ ಹಾಳಿ ಹಾಳ ಮಾಡಾಕ ಹತ್ತೈತ್ರಿ.”

“ಹೊಗಿ ಏನ್ ಎಮ್ಮಿ ಏನೋ ಉಜ್ಜಿನಪ್ಪಾ, ಹಿಡದು ಗೂಟಕ್ಕ ಕಟ್ಟಾಕ?”

“ಹಿಡೀತೀನ್ರಿ. ನೀವು ಹೂಂ ಅನ್ರಿ ಸಾಕು.”

ಅವರು ನಕ್ಕು ಹೂಂ ಎಂದರು. ಹೊಗೆ ಕೊಳವೆಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಕೂಡಿಸಿದೆ. ಒಳಗೆ ಒಂದರ ಹಿಂದೆ ಒಂದು ಗೋಣಿಯ ಪರದೆ, ಮೇಲೆ ತೂತು ಕೊರೆದ ನೀರಿನ ನಳ. ಹೊಗೆ ಆ ಹಸಿ ಗೋಣಿಗಳಿಗೆ ಬಡಿದು ಸುತ್ತಿ ಹೋಗಬೇಕು, ಮಸಿಯೆಲ್ಲ ನೀರಿನ ಜೊತೆ ಕೆಳಗಿನ ತೊಟ್ಟಿಗೆ ಇಳಿಯಬೇಕು. ಮೊದಲು ಬೆಂಕಿಗೆ ಗಾಳಿ ಸಾಲದೆ ಮಿಲ್ಲೇ ಕೆಮ್ಮತೊಡಗಿತು. ಕೊಳವೆಯನ್ನು ಇನ್ನಷ್ಟು ಎತ್ತರಿಸಿದ ಮೇಲೆ ಸರಿಹೋಯಿತು. ಮೇಲೆ ಬರುವ ಹೊಗೆ ಬೆಳ್ಳಗಾಯಿತು. ಪಕ್ಕದ ಮನೆಯ ಸುಂಕಮ್ಮ ನನ್ನನ್ನು ಬೀದಿಯಲ್ಲೇ ನಿಲ್ಲಿಸಿ, “ಉಜ್ಜಿನಪ್ಪಣ್ಣಾ, ಈ ಸಲ ನನ್ನ ಹಪ್ಪಳದ ಮ್ಯಾಲೆ ಒಂದು ಕರೀ ಚುಕ್ಕಿ ಬಿದ್ದಿಲ್ಲ ನೋಡು” ಎಂದಳು. ಅಷ್ಟಕ್ಕೇ ನಿಂತಿದ್ದರೆ ಇವತ್ತು ನಾನು ತಲೆಯೆತ್ತಿ ತಿರುಗುತ್ತಿದ್ದೆ.

ತೊಟ್ಟಿಯಲ್ಲಿ ಬೂದಿ ತಳಕ್ಕೆ ಇಳಿದು, ಮಸಿ ಮೇಲೆ ತೇಲುತ್ತಿತ್ತು. ನುಣ್ಣಗೆ, ಕಾಡಿಗೆಯ ಹಾಗೆ. ಅದನ್ನು ನೋಡಿದ ಗಳಿಗೆಯಿಂದ ನನಗೆ ನಿದ್ದೆ ಹತ್ತಲಿಲ್ಲ. ಇಂಕು ಎಂದರೆ ತಾನೇ ಏನು, ಮಸಿ ಮತ್ತು ಎಣ್ಣೆ. ಕೆನೆಯ ಹಾಗೆ ತೆಗೆದು ಒಣಗಿಸಿ, ತೆಳ್ಳನೆಯ ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದು, ಎಣ್ಣೆಯಲ್ಲಿ ರಾಳ ಕಾಸಿ ಕಲ್ಲಿನ ಮೇಲೆ ಅರೆದೆ. ಅಗಸೆ ಎಣ್ಣೆ ಬೇಕಿತ್ತು. ಪೇಟೆಯಲ್ಲಿ ಸಿಗಲಿಲ್ಲ. ಕೈಗೆ ಸಿಕ್ಕ ಶೇಂಗಾ ಎಣ್ಣೆಯನ್ನೇ ಹಾಕಿದೆ. ನಾಟಕದ ಹ್ಯಾಂಡ್‌ಬಿಲ್ಲು ಹೊಡೆದೆ. ಕಪ್ಪು ಎಂದರೆ ಕಪ್ಪು! ಮದರಾಸಿನ ಡಬ್ಬಿಗಿಂತ ಚೆನ್ನಾಗಿ ಬಂತು. ಎರಡು ಪ್ರೆಸ್ಸಿನವರು ಬಂದು ಮೂಸಿ ನೋಡಿ ಹೋದರು. ಆಗ ನಾನು ಎಷ್ಟು ಹಿಗ್ಗಿದ್ದೆನೆಂದು ನೀನೇ ನೋಡಿದ್ದೀ. ಲಂಡನ್ನಿಗೆ ಇಂಕು ಕಳಿಸುತ್ತೀನಿ ಎಂದು ಊಟಕ್ಕೆ ಕೂತಾಗ ಹೇಳಿ ನಿಮ್ಮಿಬ್ಬರನ್ನೂ ನಗಿಸಿದ್ದೆ.

ಆಮೇಲೆ ನಿನ್ನ ಲಗ್ನಪತ್ರಿಕೆ. ಯುದ್ಧಕ್ಕೆ ಮೊದಲು ಬಂದಿದ್ದ ದಪ್ಪನೆಯ ನುಣುಪು ಕಾಗದವನ್ನು ನಿನ್ನ ಲಗ್ನಕ್ಕೆಂದೇ ಟ್ರಂಕಿನಲ್ಲಿ ಕಟ್ಟಿಟ್ಟಿದ್ದೆ. ಕನ್ನಡಿಯ ಹಾಗೆ ಹೊಳೆಯುವ ಕಾಗದ. ಅಚ್ಚಿನ ಮೊಳೆಗಳನ್ನು ನಾನೇ ಕೂತು ಜೋಡಿಸಿದೆ, ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ. ಅಚ್ಚಾಗಿ ಬಂದ ನಿನ್ನ ಹೆಸರನ್ನು ನೋಡಿ ಕಣ್ಣು ತುಂಬಿತು. ಅವ್ವ ಒಂದನ್ನು ಹಿಡಿದು ನೋಡಿ, “ಏನ್ರಿ, ಸ್ವಲ್ಪ ಅಂಟತೈತಲ್ಲ” ಎಂದಳು. “ಬ್ಯಾಸಗಿ ಐತಿ, ಒಣಗತೈತಿ ಬಿಡು” ಎಂದೆ.

ಒಣಗಲಿಲ್ಲ. ಹ್ಯಾಂಡ್‌ಬಿಲ್ಲಿನ ಒರಟು ಕಾಗದ ಎಣ್ಣೆಯನ್ನು ಕುಡಿದುಬಿಡುತ್ತಿತ್ತು. ಅದಕ್ಕೇ ಇಂಕು ಒಣಗಿದ ಹಾಗೆ ಕಾಣುತ್ತಿತ್ತು. ಈ ನುಣುಪು ಕಾಗದ ಕುಡಿಯುವುದಿಲ್ಲ. ಶೇಂಗಾ ಎಣ್ಣೆ ತಾನಾಗಿ ಎಂದಿಗೂ ಒಣಗುವುದಿಲ್ಲ. ಈಗ ಗೊತ್ತು. ಊರವರ ಕೆಲಸಕ್ಕೆ ಕೀಳು ಕಾಗದ ಹಾಕಿದೆ, ಅದು ಉಳಿಯಿತು. ನಿನಗೆಂದು ಒಳ್ಳೆಯದನ್ನು ಹಾಕಿದೆ, ಅದೇ ಮಾನ ಕಳೆಯಿತು. ಈ ಮಾತನ್ನು ಯಾರಿಗೆ ಹೇಳಿಕೊಳ್ಳಲಿ?

ಹಂಪಮ್ಮಜ್ಜಿಯ ತಪ್ಪು ಏನೂ ಇಲ್ಲ. ಪತ್ರಿಕೆಯ ತಲೆಯ ಮೇಲೆ ದೇವರ ಹೆಸರಿತ್ತು. ನೆಲದ ಮೇಲೆ ಇಡಬಾರದು ಎಂದು ಬೀಗರ ಪಾಲಿಗೆ ಕಳಿಸಿದ್ದರಲ್ಲಿ ಉಳಿದ ಕಟ್ಟನ್ನು ಗೋಡೆಯೊಳಗಿನ ದೇವರ ಮಾಡದಲ್ಲಿ, ಮದುಮಗನ ಹೊಸ ಧೋತರದ ಮೇಲೆ ಬೋರಲು ಹಾಕಿ, ಅದರ ಮೇಲೆ ಅಕ್ಕಿ ತುಂಬಿದ ಹಿತ್ತಾಳೆಯ ಹರಿವಾಣ ಇಟ್ಟರು. ಭಕ್ತಿಯಿಂದಲೇ ಇಟ್ಟರು. ಕುರುಗೋಡಿನ ಬಿಸಿಲು, ಕಲ್ಲಿನ ಮಾಡ, ಮೇಲೆ ಆ ಭಾರ. ನನ್ನ ಮಿಷಿನ್ನು ಕೂಡ ಅಷ್ಟು ಚೆನ್ನಾಗಿ ಅಚ್ಚು ಒತ್ತುವುದಿಲ್ಲ.

ಮುಹೂರ್ತಕ್ಕೆ ಧೋತರ ಬಿಚ್ಚಿದಾಗ ನೀನು ಒಳಗಿದ್ದೆ. ನಿನಗೆ ಕೇಳಿಸಿದ್ದು ಕೂಗು ಮಾತ್ರ. ನಾನು ಎದುರಿಗೇ ಇದ್ದೆ. ಬಿಳಿಯ ಧೋತರದ ಮೇಲೆ ಕಪ್ಪು ಅಕ್ಷರದ ಸಾಲುಗಳು, ಎಲ್ಲ ಎಡಬಲ ತಿರುಗಿದವು. ಓದಬಲ್ಲವರೂ ಓದಲಾರರು. ಮಡಿಕೆ ಬಿಚ್ಚಿದಷ್ಟೂ ಒಳಗೆ ಎಣ್ಣೆಯ ಕಲೆ.

“ಮಾಟ! ನನ್ನ ಮೊಮ್ಮಗಗ ಯಾರೋ ಮಾಟ ಮಾಡಿಸ್ಯಾರ!” ಎಂದು ಹಂಪಮ್ಮಜ್ಜಿ ಎದೆ ಬಡಿದುಕೊಂಡರು. ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಓಲಗ ನಿಂತಿತು. ಯಾರೋ ಒಬ್ಬರು, “ಹುಡುಗಿ ಕಾಲಗುಣ ನೋಡ್ರಿ” ಎಂದರು. ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ಮುಂದೆ ಹೋಗಿ ಧೋತರದ ಅಂಚು ಹಿಡಿದೆ.

“ಮಾಟ ಅಲ್ಲಬೇ ಯವ್ವಾ. ಇದು ನನ್ನ ಇಂಕು. ಲಗ್ನಪತ್ರಿಕಿ ಅಚ್ಚು ಬಿದ್ದೈತಿ. ಓದ್ತೀನಿ ಕೇಳ್ರಿ.”

ಮೂವತ್ತು ವರ್ಷ ತಿರುಗಿದ ಮೊಳೆಗಳನ್ನೇ ಓದಿಕೊಂಡು ಬಂದವನಿಗೆ ಅದೇನು ಕಷ್ಟ? ಕೈಗೆಲ್ಲ ಮಸಿ ಹತ್ತುತ್ತಿದ್ದರೂ ಬೆರಳಿಟ್ಟು ಗಟ್ಟಿಯಾಗಿ ಓದಿದೆ. ದೇವರ ಹೆಸರು, ಪಾಲಯ್ಯನವರ ಹೆಸರು, ಸುಂಕಣ್ಣನ ಹೆಸರು, ನಿನ್ನ ಹೆಸರು. “ತಾವೆಲ್ಲರೂ ಸಕುಟುಂಬ ಬಂದು” ಎನ್ನುವಲ್ಲಿಗೆ ಬರುವಾಗ ಹಿಂದಿನಿಂದ ಒಬ್ಬ, “ಬಂದೀವಲ್ಲೋ ಮಾರಾಯಾ, ಧೋತರ ನೋಡಾಕ!” ಎಂದ. ಇಡೀ ಹಂದರ ಬಿದ್ದು ಬಿದ್ದು ನಕ್ಕಿತು. ಹೆದರಿಕೆ ಹೋಯಿತು, ಅದು ಒಳ್ಳೆಯದೇ. ಆದರೆ ಆ ನಗೆ, ಯವ್ವಾ, ಈಗಲೂ ನನ್ನ ಕಿವಿಯಲ್ಲಿದೆ.

ಪಾಲಯ್ಯನವರು ನಗಲಿಲ್ಲ. “ಆತು ಬಿಡ್ರಿ ಬೀಗ್ರ, ಇದರಾಗ ಏನೈತಿ” ಎಂದು ಒಳಗೆ ಹೋಗಿ, ತಾವು ಉಟ್ಟಿದ್ದ ಹೊಸ ಧೋತರವನ್ನು ಬಿಚ್ಚಿ ಮಗನಿಗೆ ಕೊಟ್ಟು, ತಾವು ಹಳೆಯದನ್ನು ಉಟ್ಟು ಬಂದು ಕೂತರು. ಮಗನ ಮದುವೆಯಲ್ಲಿ ಮಾಸಿದ ಧೋತರ ಉಟ್ಟ ತಂದೆ ಅವರೊಬ್ಬರೇ ಇರಬೇಕು. ಬೈದಿದ್ದರೆ ನನಗೆ ಅರ್ಧ ಭಾರ ಇಳಿಯುತ್ತಿತ್ತು. ಅವರಿಗೆ ನಾನು ಕೈ ಮುಗಿದಿದ್ದೇನೆ ಎಂದು ಹೇಳು. ಬೇಡ, ಹೇಳಬೇಡ, ಮತ್ತೆ ನೆನಪಾಗುತ್ತದೆ.

ಈಚೆಗೆ ಸಿರುಗುಪ್ಪಕ್ಕೆ ಹೋಗಬೇಕಾಯಿತು. ಅಲ್ಲಿನ ಜೋಗಪ್ಪನವರ ಅಕ್ಕಿ ಗಿರಣಿಯ ಹೊಗೆ ಒಣಗಲು ಹರವಿದ ಭತ್ತದ ಮೇಲೆ ಬಿದ್ದು ಅಕ್ಕಿ ಕಪ್ಪಾಗುತ್ತದಂತೆ. ನಮ್ಮ ಪೆಟ್ಟಿಗೆಯ ಸುದ್ದಿ ಕೇಳಿ ಕರೆಸಿದ್ದರು. ಬಸ್ಸಿನಲ್ಲಿ ಕರೂರಿನ ಕಡೆಯವನೊಬ್ಬ ಪಕ್ಕದವರಿಗೆ ಕಥೆ ಹೇಳುತ್ತಿದ್ದ. ಕುರುಗೋಡಿನಲ್ಲಿ ಒಂದು ಲಗ್ನವಾಯಿತಂತೆ, ಧೋತರದ ಮೇಲೆ ಮಂತ್ರ ಮೂಡಿತಂತೆ, ಮದುಮಗನ ಮೈಯೆಲ್ಲ ಕಪ್ಪಾಯಿತಂತೆ. “ಹುಡುಗೀನ ಹಂದರದಾಗಿಂದನ ವಾಪಸ್ ಕಳಿಸಿದ್ರಂತ” ಎಂದ.

“ಇಲ್ಲಪ್ಪ, ಹುಡುಗಿ ಗಂಡನ ಮನ್ಯಾಗ ಸುಖದಿಂದ ಅದಾಳ” ಎಂದೆ.

“ನಿನಗೆಂಗ ಗೊತ್ತು? ನೀ ಅವರ ಕಡಿಯಾವನೇನು?”

“ಅಲ್ಲ. ಯಾರೋ ಅಂದದ್ದು ಕೇಳೀನಿ” ಎಂದು ಕಿಟಕಿಯ ಕಡೆ ಮುಖ ತಿರುಗಿಸಿದೆ. ನಿನ್ನ ಅಪ್ಪ ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಸಿರುಗುಪ್ಪದ ಕೆಲಸ ಚೆನ್ನಾಗಿಯೇ ಆಯಿತು. ಅಲ್ಲಿ ಕಾಲುವೆಯ ನೀರು ಬೇಕಾದಷ್ಟಿದೆ, ಹಸಿ ಗೋಣಿ ಒಣಗುವುದೇ ಇಲ್ಲ. ಕಣದ ಭತ್ತದ ಮೇಲೆ ಬಿಳಿಯ ಪಂಚೆ ಹಾಸಿ ಜೋಗಪ್ಪನವರು ಸಂಜೆಯ ತನಕ ಕಾದರು, ಎತ್ತಿ ನೋಡಿದರೆ ಹಾಸಿದ ಹಾಗೇ ಬೆಳ್ಳಗಿತ್ತು. ಖುಷಿಯಾಗಿ, ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ನನ್ನ ಹೆಸರು ಬರೆಸುತ್ತೇನೆ ಎಂದರು. “ಹೆಸರು ಬ್ಯಾಡ್ರಿ” ಎಂದೆ. “ಯಾಕೋ? ಮಂದಿ ಹೆಸರಿಗೆ ಸಾಯ್ತಾರ” ಎಂದರು. ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಆ ಇಂಕು ಅರೆಯುವುದನ್ನು ಬಿಟ್ಟಿದ್ದೇನೆ. ಮಿಲ್ಲಿನ ಮಸಿಯನ್ನು ಈಗ ಮನೆಯ ಗೋಡೆಗೆ ಕೆಳಪಟ್ಟಿ ಬಳಿಯುವವರು ಒಯ್ಯುತ್ತಾರೆ. ಇಂಕು ಸಿಕ್ಕಾಗ ಅಚ್ಚು, ಸಿಗದಾಗ ಮಿಷಿನ್ನಿಗೆ ಎಣ್ಣೆ ಬಿಟ್ಟು ಕೂರುವುದು.

ಮಾರೆಣ್ಣನ ಕೈಯಲ್ಲಿ ಅಜ್ಜಿಗೆ ಒಂದು ಸೀರೆ, ಸುಂಕಣ್ಣನಿಗೆ ಒಂದು ಧೋತರ ಕಳಿಸಿದ್ದೇನೆ. ಎರಡನ್ನೂ ಅವ್ವನೇ ಕಟ್ಟಿದಳು, ನಾನು ಹತ್ತಿರ ಸುಳಿಯಲಿಲ್ಲ. ಸುಂಕಮ್ಮ ನಿನಗೆಂದು ಹಪ್ಪಳ ಕೊಟ್ಟಿದ್ದಾಳೆ. ಗಂಡನ ಮನೆಯಲ್ಲಿ ಎಲ್ಲರ ಮಾತು ಕೇಳಿಕೊಂಡಿರು. ಯಾರಾದರೂ ನಿನ್ನನ್ನು ಇಂಕಿನವನ ಮಗಳು ಎಂದರೆ ಸಿಟ್ಟಾಗಬೇಡ. ಸುಳ್ಳೇನೂ ಅಲ್ಲವಲ್ಲ. ನಿನ್ನ ಬಾಳು ತುಂಬಿರಲಿ, ಇಬ್ಬರೂ ನೂರು ಕಾಲ ಕೂಡಿ ಇರಿ, ನಿನ್ನ ಅಡಿಗೆಮನೆಯ ಒಲೆ ಎಂದೂ ತಣ್ಣಗಾಗದಿರಲಿ.

ಇಂತು ನಿನ್ನ ತಂದೆ,
ಉಜ್ಜಿನಪ್ಪ

ಮತ್ತೆ ಒಂದು ಮಾತು. ಇದನ್ನು ನೀನೊಬ್ಬಳೇ ಓದಿಕೋ.

ಇಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. “ಮಂದಿ ನಕ್ಕರು, ನಾಳೆ ಮರೀತಾರ. ಇಷ್ಟಕ್ಕ ಯಾರರ ಮಗಳ ಮನಿ ಬಿಡ್ತಾರೇನು? ನಿಮಗ ಬ್ಯಾರೆ ಏನೋ ಆಗೈತಿ” ಎಂದಳು. ಅದೇನೆಂದು ಅವಳಿಗೆ ಹೇಳಲಿಲ್ಲ.

ನಿನ್ನನ್ನು ಒಪ್ಪಿಸಿಕೊಟ್ಟು ನಾವು ಹೊರಟಾಗ ನೀನು ಬಾಗಿಲ ತನಕ ಬಂದಿ. ಅವರು ಉಡಿಸಿದ ಹಳದಿ ಸೀರೆ ಉಟ್ಟಿದ್ದಿ. ತಲೆಯ ಮೇಲೆ ಕೈಯಿಟ್ಟು ಹರಸಿ ಹೋಗೋಣ ಎಂದು ಹತ್ತಿರ ಬಂದೆ. ನೀನು ಸೆರಗು ಎಳೆದುಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದು, ಯಾರಿಗೂ ಕೇಳದ ಹಾಗೆ, “ಅಪ್ಪಾ, ಕೈ” ಅಂದಿ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಹೊಸ ಸೀರೆ, ಹೊಸ ಮಂದಿ, ಎಲ್ಲರೂ ನೋಡುತ್ತಿದ್ದರು. ಆ ಮಾತು ನಿನಗೆ ನೆನಪೇ ಇರಲಿಕ್ಕಿಲ್ಲ, ಇರದಿದ್ದರೆ ಒಳ್ಳೆಯದು. ನಾನು ಕೈ ಹಿಂದಕ್ಕೆ ಎಳೆದುಕೊಂಡು ಗಾಡಿ ಹತ್ತಿದೆ.

ಪಾಲಯ್ಯನವರ ಬಾವಿಕಟ್ಟೆಗೆ ಹೋಗಿ, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ, ಕೈ ತೊಳೆದುಕೊಂಡೇ ಬಂದಿದ್ದೆ, ಯವ್ವಾ.