ಮೇವು ಕತ್ತರಿಸದ ಮಶೀನು

ಗೋಕಾಕ, ೮ ಆಗಸ್ಟ್ ೨೦೦೪

ಅಪ್ಪಾರಿಗೆ ತ್ರಿಶಲಾಳ ಜೈ ಜಿನೇಂದ್ರ.

ಇಲ್ಲಿ ಕಂಪ್ಯೂಟರಿನಲ್ಲಿ ಯಂತ್ರದ ಬಿಡಿಭಾಗ ಜೋಡಿಸಿ ತಿರುಗಿಸಲು ಕಲಿಸುತ್ತಿದ್ದಾರೆ. ನಾನು ನಮ್ಮ ಮೇವು ಕತ್ತರಿಸುವ ಮಶೀನು ಮಾಡಿದೆ. ಪರದೆಯ ಮೇಲೆ ಚಕ್ರಕ್ಕೆ ಸದ್ದಿಲ್ಲ. ನನಗೆ ಮಾತ್ರ ಕೇಳಿಸುತ್ತದೆ. ಅದು ಎಲ್ಲಿಯವರೆಗೆ ತಿರುಗಬೇಕೆಂದು ನಾವೇ ಮಿತಿ ಹಾಕಬೇಕು. ಚಕ್ರದ ಬ್ಲೇಡು ಮಶೀನಿನ ಬಾಯಿಗೆ ಬರುವ ಮೊದಲೇ ನಿಲ್ಲುವಂತೆ ಹಾಕಿದೆ.

“ಹಿಂಗಾದ್ರ ಮೇವು ಹೆಂಗ ಕತ್ತರಸ್ತೈತಿ?” ಎಂದು ಸರ್ ನಕ್ಕರು. ತಂಗಿ ಶುಭಾಂಗಿಯ ಬಲಗೈ ಬೆರಳುಗಳು ಹೋದ ಮಾತು ನಾನು ಎತ್ತಲಿಲ್ಲ.

ಅಷ್ಟು ಭಾರದ ಚಕ್ರ, ತಿರುಗಿಸುವವರು ಕೈ ಬಿಟ್ಟರೂ ತಕ್ಷಣ ನಿಲ್ಲುವುದಿಲ್ಲವಂತೆ. ಅಂದು ಅವಳು ಚೀರಿದ ಕೂಡಲೇ ನೀವು ಚಕ್ರದ ಹಿಡಿಕೆಯಿಂದ ಕೈ ಬಿಟ್ಟಿದ್ದಿರಿ. ನಾನು ನೋಡಿದ್ದೇನೆ.

ಅವಳಿಗಂತೂ ಎಡಗೈಯೇ ಗತಿ. ನೀವೂ ಇನ್ನೂ ಎಡಗೈಯಲ್ಲೇ ಉಣ್ಣುತ್ತೀರೆಂದು ಅವ್ವ ಹೇಳಿದಳು. ದಯವಿಟ್ಟು ಬಲಗೈಯಲ್ಲಿ ಉಣ್ಣಿರಿ.

ನಿಮ್ಮ ಮಗಳು,
ತ್ರಿಶಲಾ