ಪಂಚಗಂಗೆ ಮನೆಗೆ ಬಂದಳು

ರೀ,

ಸಂಜೆ ಪಂಚಗಂಗೆ ಹೊಳೆಯ ಗಾಳಿಗೆ ಕುಳಿತು ಚಹಾ ಕುಡಿಯಬಹುದೆಂದು ಇಚಲಕರಂಜಿಯ ಹೊರಗೆ, ಈ ಕಾಲನಿಯಲ್ಲಿ ಮನೆ ಕಟ್ಟಿಸಿದಿರಿ.

ಇಂದು ಮುಂಜಾನೆ ಪಂಚಗಂಗೆ ನಮ್ಮ ಮೆಟ್ಟಿಲಿಗೇ ಬಂದಳು. ಮಳೆಗಾಲದ ಹೊಸ ನೀರು ಬಂದಾಗ ಕಾಲನಿಯ ಮುತ್ತೈದೆಯರು ಘಾಟಿಗೆ ಹೋಗಿ ಕುಪ್ಪಸದ ಖಣ, ತೆಂಗಿನಕಾಯಿ ಅರ್ಪಿಸಿ ಹೊಳೆಗೆ ಉಡಿ ತುಂಬುತ್ತಾರಲ್ಲ, ನೀವು ತೀರಿಕೊಂಡ ಮೇಲೆ ನಾನು ಅದನ್ನು ಕಿಟಕಿಯಿಂದ ನೋಡುತ್ತೇನೆ. ಈ ಸಲ ಯಾರೂ ತುಂಬಲಿಲ್ಲ. ನೀರು ಏರಿದ್ದು ಕಂಡು ಎಲ್ಲರೂ ಹೊರಟುಬಿಟ್ಟರು. ಪಕ್ಕದ ಮನೆಯ ರುತುಜಾ ಟ್ರ್ಯಾಕ್ಟರ್ ಮೇಲಿಂದ ಕೂಗಿದಳು.

"ಕಾಕೂ, ಲಗೂನ ಬರ್ರಿ!"

"ನೀ ಇಳದು ಬಂದು ಆಕಿಗೆ ಉಡಿ ತುಂಬವಾ. ನಾ ತುಂಬುವಂಗಿಲ್ಲ."

"ಈಗ ಅದೆಲ್ಲಾ ಎಲ್ಲೀದ್ರಿ ಕಾಕೂ? ನೀರು ಏರಾಕತ್ತೈತಿ!"

ಟ್ರ್ಯಾಕ್ಟರ್ ಕಾಯಲಿಲ್ಲ.

ನಮ್ಮ ಮನೆಗೆ ಬಂದ ಹೆಣ್ಣುಮಗಳು ಎಂದೂ ಬರಿ ಉಡಿಯಲ್ಲಿ ಹೋದದ್ದಿಲ್ಲ. ಖಣ, ತೆಂಗಿನಕಾಯಿ ಹಿಡಿದು ಹೊಸ್ತಿಲೊಳಗೆ ನಿಂತೇ ಇದ್ದೆ. ಕೈ ಮುಂದೆ ಹೋಗಲಿಲ್ಲ. ಅವಳು ನನ್ನ ಪಾದ ತೋಯಿಸಿ, ಹೊಸ್ತಿಲು ದಾಟಿ, ನಿಮ್ಮ ಕುರ್ಚಿಯ ತನಕ ಹೋದಳು.

ಈಗ ಮಾಳಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಖಣ ಇನ್ನೂ ಕೈಯಲ್ಲೇ ಇದೆ. ಗಾಳಿ ಮಾತ್ರ ನೀವು ಹೇಳಿದ ಹಾಗೆಯೇ ಭಾಳ ಚಲೋ ಬೀಸುತ್ತಿದೆ, ರೀ.